ಚಳಿಗಾಲದ ಓಟಕ್ಕೆ ಅರ್ಧಬಲವೇ ಶ್ರೀರಕ್ಷೆ

ಮಾರ್ಗಶಿರ ಮಾಸ ಕಳೆದು ಪುಷ್ಯ ಕಾಲಿರಿಸುತ್ತಿದ್ದಂತೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಅನೇಕ ಮನೆಗಳಲ್ಲಿ ಒಂದು ವಾಗ್ವಾದ ಆರಂಭವಾಗುತ್ತದೆ. ಪೊಲೀಸ್ ಅಥವಾ ಸೈನ್ಯದ ನೇಮಕಾತಿಗೆ ಸಿದ್ಧರಾಗುತ್ತಿರುವ ಮಕ್ಕಳು ಬೆಳಗಿನ ನಾಲ್ಕೂವರೆಗೆ ಎದ್ದು ಓಡಲು ಹೊರಡುತ್ತಾರೆ. ಮನೆಯ ಹಿರಿಯರು ಬಾಗಿಲಲ್ಲಿ ನಿಂತು, ಈ ಚಳಿಯಲ್ಲಿ ಬಯಲಿಗೆ ಹೋದರೆ ಶೀತವಾಗುತ್ತದೆ, ಎದೆ ಹಿಡಿಯುತ್ತದೆ, ಯುಗಾದಿ ಕಳೆದ ಮೇಲೆ ಓಡಿದರಾಯಿತು ಎಂದು ತಡೆಯುತ್ತಾರೆ. ಕಿರಿಯರು ಆ ಮಾತನ್ನು ಅಜ್ಞಾನವೆಂದು ಬಗೆದು ಹೊರಟೇಬಿಡುತ್ತಾರೆ. ವಾರ ಕಳೆಯುವುದರೊಳಗೆ ಅವರಲ್ಲಿ ಕೆಲವರು ಕೆಮ್ಮು, ಮೀನಖಂಡದ ಸೆಳೆತ, ಮಂಡಿನೋವು ಎಂದು ವೈದ್ಯರ ಬಳಿ ಬರುತ್ತಾರೆ. ಆಗ ಹಿರಿಯರಿಗೆ ತಮ್ಮ ಮಾತೇ ನಿಜವಾಯಿತೆಂಬ ಸಮಾಧಾನ.

ಈ ವಾದದಲ್ಲಿ ಎರಡೂ ಕಡೆಯವರು ಅರ್ಧ ಸತ್ಯವನ್ನಷ್ಟೇ ಹಿಡಿದಿದ್ದಾರೆಂಬುದು ನನ್ನ ಅಭಿಪ್ರಾಯ. ಹೊರಗೆ ಓಡಲು ವರ್ಷದಲ್ಲಿ ಚಳಿಗಾಲಕ್ಕಿಂತ ಉತ್ತಮವಾದ ಕಾಲ ನಮ್ಮ ಸೀಮೆಯಲ್ಲಿಲ್ಲ; ಈ ವಿಷಯದಲ್ಲಿ ಕಿರಿಯರು ಸರಿ. ಆದರೆ ಅವರು ಓಡುತ್ತಿರುವ ಹೊತ್ತು, ಹೊಟ್ಟೆ ಮತ್ತು ವೇಗ ಮೂರೂ ತಪ್ಪು. ಈ ವಿಷಯದಲ್ಲಿ ಹಿರಿಯರ ಆತಂಕಕ್ಕೆ ಆಧಾರವುಂಟು. ನಮ್ಮ ಮಕ್ಕಳನ್ನು ಕೆಡಿಸುತ್ತಿರುವುದು ಕೇವಲ ಚಳಿಯಲ್ಲ, ಚಳಿಯೊಡನೆ ಕೂಡಿಕೊಂಡ ಒಣಗಾಳಿ ಮತ್ತು ಅವಸರ.

ಋತು ಕೊಡುವ ಬಲ

ಆಯುರ್ವೇದವು ವರ್ಷವನ್ನು ಆರು ಋತುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿ ದೇಹಬಲ ಹೇಗೆ ಏರಿಳಿಯುತ್ತದೆ ಎಂಬುದನ್ನು ವಿವರಿಸಿದೆ. ಗ್ರೀಷ್ಮ, ವರ್ಷ ಋತುಗಳಲ್ಲಿ ಬಲ ಕನಿಷ್ಠ. ಶರದ್, ವಸಂತಗಳಲ್ಲಿ ಮಧ್ಯಮ. ಹೇಮಂತ, ಶಿಶಿರಗಳಲ್ಲಿ ಉತ್ತಮ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಇದಕ್ಕೆ ಕೊಡುವ ಕಾರಣ ಸರಳವಾಗಿದೆ. ಹೊರಗಿನ ಶೀತವು ದೇಹದ ಉಷ್ಣತೆಯನ್ನು ಒಳಗೇ ತಡೆದು ನಿಲ್ಲಿಸುವುದರಿಂದ ಜಠರಾಗ್ನಿ ಪ್ರಬಲವಾಗುತ್ತದೆ, ಗುರುವಾದ ಆಹಾರವನ್ನೂ ಅರಗಿಸುತ್ತದೆ, ದೇಹ ಪುಷ್ಟಿಗೊಳ್ಳುತ್ತದೆ. ವ್ಯಾಯಾಮಕ್ಕೆ ಶೀತಕಾಲವನ್ನೂ ವಸಂತವನ್ನೂ ಶಾಸ್ತ್ರಕಾರರು ವಿಶೇಷವಾಗಿ ಹೆಸರಿಸಿರುವುದು ಇದರಿಂದಲೇ.

ಇನ್ನೊಂದು ಕಾರಣವೂ ಉಂಟು. ಶೀತಕಾಲದಲ್ಲಿ ದೇಹದಲ್ಲಿ ಕಫ ಸಂಚಯವಾಗುತ್ತದೆ, ವಸಂತದ ಬಿಸಿಲಿಗೆ ಅದು ಕರಗಿ ಪ್ರಕೋಪಗೊಳ್ಳುತ್ತದೆ ಎಂಬುದು ನಮ್ಮ ಶಾಸ್ತ್ರದ ನಿಲುವು. ಚಳಿಗಾಲವನ್ನೆಲ್ಲ ಕಂಬಳಿಯೊಳಗೆ ಕಳೆದವನಿಗೆ ಯುಗಾದಿಯ ಹೊತ್ತಿನಲ್ಲಿ ನೆಗಡಿ, ಕೆಮ್ಮು, ಆಲಸ್ಯ, ಅಜೀರ್ಣಗಳು ಸಾಲುಗಟ್ಟಿ ಬರುವುದನ್ನು ಈ ದೃಷ್ಟಿಯಿಂದ ಅರ್ಥಮಾಡಿಕೊಳ್ಳಬಹುದು. ಯುಗಾದಿ ಕಳೆದ ಮೇಲೆ ಓಡು ಎನ್ನುವ ಹಿರಿಯರು ಇದನ್ನು ಯೋಚಿಸಬೇಕು. ಯುಗಾದಿಯ ಆಚೆಗೆ ನಮ್ಮಲ್ಲಿ ಉಳಿಯುವುದು ಸುಡುವ ಬಿಸಿಲು. ಆಗ ಓಟ ಆರಂಭಿಸುವುದು ನಿಜವಾಗಿಯೂ ಅಪಾಯಕರ.

ನಮ್ಮ ಕಾಯಕದ ಸ್ವರೂಪವೂ ಇದನ್ನೇ ಬೇಡುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಶೇಂಗಾ ಕಿತ್ತು, ಬಡಿದು, ಮಾರಿದ ಮೇಲೆ ರೈತನ ದೇಹಕ್ಕೆ ದುಡಿಮೆ ಕಡಿಮೆಯಾಗುತ್ತದೆ. ಹಸಿವು ಮಾತ್ರ ಹೆಚ್ಚುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು ಗುಂಡಿಮಗ್ಗದಲ್ಲಿ ಕಾಲಿಳಿಸಿ ಕುಳಿತರೆ ಹೊತ್ತು ಮುಳುಗುವವರೆಗೆ ಏಳುವುದಿಲ್ಲ. ಚಳ್ಳಕೆರೆಯ ಅಂಗಡಿ, ಮಂಡಿ, ಗಿರಣಿಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರ ಸ್ಥಿತಿಯೂ ಬೇರೆಯಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಇಲ್ಲವೇ 75 ನಿಮಿಷ ತೀವ್ರ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೆ ಹೇಳಿದೆ. ಆ ಅಭ್ಯಾಸವನ್ನು ಆರಂಭಿಸಲು ದೇಹವೇ ಸಹಕರಿಸುವ ಕಾಲ ಈಗಿನದು.

ನಮ್ಮ ಚಳಿ ಎಂಥದು?

ಚಳಿಯೆಲ್ಲ ಒಂದೇ ಬಗೆಯದಲ್ಲ. 2023ರ ಫೆಬ್ರುವರಿಯಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಹೆಪ್ಪುಗಟ್ಟಿದ ಮಂಜಿನ ಮೇಲೆ 21 ಕಿಲೋಮೀಟರ್ ಓಟ ನಡೆಯಿತು. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ, ತಕ್ಕ ಉಡುಪು, ಸಿದ್ಧತೆ, ವೈದ್ಯಕೀಯ ನೆರವುಗಳೊಡನೆ ಜನ ಓಡಿದರು. ಅದಕ್ಕೆ ಸುಮಾರು ಎರಡು ವರ್ಷ ಹಿಂದೆ, 2021ರ ಮೇ 22ರಂದು, ಚೀನಾದ ಗಾನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ ನಡೆದ 100 ಕಿಲೋಮೀಟರ್ ಓಟದಲ್ಲಿ 21 ಓಟಗಾರರು ಪ್ರಾಣ ಕಳೆದುಕೊಂಡರು. ಅದು ಚಳಿಗಾಲವೇ ಆಗಿರಲಿಲ್ಲ. ಹಠಾತ್ತನೆ ಎರಗಿದ ಬಿರುಗಾಳಿ ಮತ್ತು ತಣ್ಣನೆಯ ಮಳೆಯಲ್ಲಿ ತೆಳುಬಟ್ಟೆ ತೊಟ್ಟವರ ಮೈ ತೊಯ್ದು ಶಾಖವೆಲ್ಲ ಹೊರಟುಹೋಯಿತು. ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಓಟ ಸಲ್ಲುತ್ತದೆಯೇ ಸಲ್ಲದೇ ಎಂದು ತೀರ್ಮಾನಿಸಲಾಗದು. ಆ ಚಳಿಯೊಡನೆ ಮತ್ತೇನು ಕೂಡಿದೆ ಎಂಬುದನ್ನು ನೋಡಬೇಕು.

ನಮ್ಮಲ್ಲಿ ಕೂಡುವುದು ಮಳೆಯಲ್ಲ, ಶುಷ್ಕತೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮ ಎರಡೂ ತಾಲ್ಲೂಕುಗಳು ಸೇರುತ್ತವೆ. ಪುಷ್ಯ ಮಾಸದ ಬೆಳಗಿನಲ್ಲಿ ಇಲ್ಲಿನ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಆರೋಗ್ಯವಂತ ಯುವಕನಿಗೆ ಇದು ಓಡಲು ಹಿತವಾದ ಚಳಿಯೇ. ಆದರೆ ಮರಗಳಿಲ್ಲದ ಕಾವಲಿನ ಮೇಲಿಂದ, ಬೆಳೆ ಕೊಯ್ದ ಬರಿಹೊಲಗಳ ಮೇಲಿಂದ ಬೀಸಿಬರುವ ಗಾಳಿ ತುಟಿ ಒಡೆಯಿಸುತ್ತದೆ, ಹಿಮ್ಮಡಿ ಸೀಳಿಸುತ್ತದೆ, ಮೂಗು ಗಂಟಲುಗಳನ್ನು ಒಣಗಿಸುತ್ತದೆ.

ವಾತದ ಗುಣಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ನೆನೆಯೋಣ: ರೂಕ್ಷ, ಶೀತ, ಲಘು, ಚಲ. ನಮ್ಮ ಗಾಳಿ ರೂಕ್ಷ. ಸೂರ್ಯೋದಯಕ್ಕೆ ಮುಂಚಿನ ಹೊತ್ತು ಶೀತ. ಬರಿಹೊಟ್ಟೆ ಲಘು. ಓಟವಂತೂ ಚಲವೇ. ನಾಲ್ಕೂ ಒಂದೇ ಬೆಳಗಿನಲ್ಲಿ ಒಂದೇ ದೇಹದಲ್ಲಿ ಕೂಡಿದರೆ ವಾತ ಕೆರಳದೆ ಮತ್ತೇನಾದೀತು? ಮೀನಖಂಡದ ಸೆಳೆತ, ಸಂಧಿಗಳ ಬಿಗಿತ, ಒಣಕೆಮ್ಮು, ನಿದ್ರಾಭಂಗ ಇವೆಲ್ಲ ಅದರ ಫಲಗಳೇ. ಚಿಕಿತ್ಸೆಯ ಸೂತ್ರವೂ ಇಲ್ಲಿಯೇ ಇದೆ. ರೂಕ್ಷಕ್ಕೆ ಎಣ್ಣೆ, ಶೀತಕ್ಕೆ ಸೂರ್ಯ, ಲಘುವಿಗೆ ಆಹಾರ, ಚಲಕ್ಕೆ ಮಿತಿ. ಈ ನಾಲ್ಕನ್ನು ಪಾಲಿಸಿದವನಿಗೆ ನಮ್ಮ ಚಳಿ ಶತ್ರುವಲ್ಲ.

ಚಲಕ್ಕೆ ಮಿತಿ: ಅರ್ಧಬಲ

ನಾಲ್ಕರಲ್ಲಿ ಅತಿ ಮುಖ್ಯವಾದುದು ಮಿತಿ. ಅತಿ ಹೆಚ್ಚು ಮರೆತದ್ದೂ ಅದೇ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ವ್ಯಾಯಾಮದ ಪ್ರಮಾಣ ಸ್ಪಷ್ಟವಾಗಿದೆ. ಬಲವಂತರೂ ಸ್ನಿಗ್ಧಾಹಾರ ಸೇವಿಸುವವರೂ ಶೀತಕಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಗಮನಿಸಬೇಕಾದ ಅಂಶವೇನೆಂದರೆ, ಬಲ ಉತ್ತಮವಾಗಿರುವ ಋತುವಿನಲ್ಲಿಯೂ ಮಿತಿ ಅರ್ಧವೇ. ಅದನ್ನು ಮೀರಿದರೆ ಬಾಯಾರಿಕೆ, ಕ್ಷಯ, ಉಬ್ಬಸ, ರಕ್ತಸ್ರಾವ, ಆಯಾಸ, ಕೆಮ್ಮು, ಜ್ವರ, ವಾಂತಿಗಳು ಬರುತ್ತವೆಂದು ಶಾಸ್ತ್ರ ಎಚ್ಚರಿಸುತ್ತದೆ.

ಅರ್ಧಬಲವನ್ನು ಅಳೆಯುವುದು ಹೇಗೆ? ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಕಾಣಿಸುವುದು, ಬಾಯಿ ಒಣಗುವುದು, ಉಸಿರು ಬಾಯಿಯ ಮೂಲಕ ಬರತೊಡಗುವುದು ಅದರ ಲಕ್ಷಣಗಳು. ನಮ್ಮ ಒಣಹವೆಯಲ್ಲಿ ಬೆವರನ್ನು ನಂಬುವಂತಿಲ್ಲ. ಮೂಡುವ ಮೊದಲೇ ಆರಿಹೋಗುತ್ತದೆ. ಆದ್ದರಿಂದ ನಾನು ಉಸಿರನ್ನೇ ಅಳತೆಗೋಲಾಗಿ ಹೇಳುತ್ತೇನೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತ, ಪಕ್ಕದವನೊಡನೆ ಒಂದು ವಾಕ್ಯ ಪೂರ್ತಿ ಮಾತನಾಡಬಲ್ಲಷ್ಟು ವೇಗವಿದ್ದರೆ ಅದು ಅರ್ಧಬಲ. ಇಂದಿನ ಕ್ರೀಡಾ ತರಬೇತಿದಾರರೂ ದೂರದ ಓಟಗಾರರ ಅಭ್ಯಾಸದ ಬಹುಭಾಗ ಮಾತನಾಡಬಲ್ಲ ವೇಗದಲ್ಲಿಯೇ ಇರಬೇಕೆನ್ನುತ್ತಾರೆ.

ಮೂಗಿನ ಉಸಿರಿಗೆ ಇನ್ನೊಂದು ಮಹತ್ವವುಂಟು. ಹೊರಗಿನ ತಣ್ಣನೆಯ ಒಣಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೂಡಿಸಿ, ಧೂಳು ಸೋಸಿ ಒಳಗೆ ಬಿಡುವ ಕೆಲಸ ಮೂಗಿನದು. ಪೂರ್ಣವೇಗದಲ್ಲಿ ಓಡುವವನು ಬಾಯಿ ತೆರೆಯಲೇಬೇಕಾಗುತ್ತದೆ. ಆಗ ಆ ಗಾಳಿ ನೇರವಾಗಿ ಒಳನುಗ್ಗಿ ಶ್ವಾಸನಾಳಗಳ ಒಳಪದರವನ್ನು ಒಣಗಿಸುತ್ತದೆ. ಕೆಲವರಲ್ಲಿ ನಾಳಗಳು ಸಂಕುಚಿತಗೊಳ್ಳುತ್ತವೆ. ಓಟ ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಕೆಮ್ಮು, ಎದೆ ಬಿಗಿತ, ಸಿಳ್ಳೆಯಂಥ ಸದ್ದು ಪ್ರತಿದಿನವೂ ಬರುತ್ತಿದ್ದರೆ ಅದನ್ನು ಸಾಮಾನ್ಯ ನೆಗಡಿಯೆಂದು ತಳ್ಳಿಹಾಕಬಾರದು. ಅದು ಉಬ್ಬಸದ ಸೂಚನೆಯಾಗಿರಬಹುದು; ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಇನ್ನು ನೆಗಡಿಯ ವಿಷಯ. ಅದು ವೈರಾಣುಗಳಿಂದ ಬರುವ ರೋಗ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಕುಳಿತಾಗ ಅದು ಹರಡುವಷ್ಟು ಸುಲಭವಾಗಿ ಬಯಲಿನಲ್ಲಿ ಹರಡಲಾರದು.

ನೇಮಕಾತಿಗೆ ಸಿದ್ಧರಾಗುವ ಮಕ್ಕಳು ಇಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಸಬೇಕು; ಅಗ್ನಿವೀರ ನೇಮಕಾತಿಯಲ್ಲಿ ಅಷ್ಟೇ ದೂರಕ್ಕೆ ಇನ್ನೂ ಬಿಗಿಯಾದ ಸಮಯ. ಅರ್ಧಬಲದಿಂದ ಓಡಿದರೆ ನೌಕರಿ ಸಿಗುತ್ತದೆಯೇ ಎಂದು ಅವರು ಕೇಳುತ್ತಾರೆ. ಮಳೆ ಕೈಕೊಟ್ಟ ಹೊಲ, ಸಾಲದ ಹೊರೆ, ವಯೋಮಿತಿ ಮೀರುವ ಭಯ ಆ ಪ್ರಶ್ನೆಯ ಹಿಂದಿವೆ. ಅದನ್ನು ಹಗುರವಾಗಿ ಕಾಣಲಾಗದು.

ನನ್ನ ಉತ್ತರವಿಷ್ಟು. ಪೂರ್ಣಬಲವು ಪರೀಕ್ಷೆಯ ದಿನಕ್ಕೆ; ಅರ್ಧಬಲವು ನಿತ್ಯದ ಅಭ್ಯಾಸಕ್ಕೆ. 6 ನಿಮಿಷ 30 ಸೆಕೆಂಡೆಂದರೆ 400 ಮೀಟರಿನ ನಾಲ್ಕು ಸುತ್ತುಗಳನ್ನು ತಲಾ 97 ಸೆಕೆಂಡುಗಳ ಸುಮಾರಿಗೆ ಮುಗಿಸುವುದು. ವಾರದಲ್ಲಿ ನಾಲ್ಕು ದಿನ ಮಾತನಾಡಬಲ್ಲ ವೇಗದಲ್ಲಿ ಮೂರು ನಾಲ್ಕು ಕಿಲೋಮೀಟರ್ ಓಡಲಿ. ಒಂದು ದಿನ ಮಾತ್ರ, ಮೈ ಚೆನ್ನಾಗಿ ಕಾದ ಮೇಲೆ, ಪರೀಕ್ಷೆಯ ವೇಗದಲ್ಲಿ ಒಂದೊಂದು ಸುತ್ತು ಓಡಿ, ನಡುನಡುವೆ ನಡೆದು ಸುಧಾರಿಸಿಕೊಳ್ಳಲಿ. ಉಳಿದೆರಡು ದಿನ ನಡಿಗೆ ಮತ್ತು ವಿಶ್ರಾಂತಿ. ದಿನವೂ ಗಡಿಯಾರದೊಡನೆ ಸ್ಪರ್ಧಿಸುವವನ ದೇಹಕ್ಕೆ ಸವೆದದ್ದನ್ನು ಕಟ್ಟಿಕೊಳ್ಳಲು ಅವಕಾಶ ಸಿಗುವುದಿಲ್ಲ. ಪರೀಕ್ಷೆಯ ದಿನ ಬರುವ ಹೊತ್ತಿಗೆ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತಿರುತ್ತದೆ. ನೋವನ್ನು ಮುಚ್ಚಲು ಔಷಧದಂಗಡಿಯ ಗುಳಿಗೆ ನುಂಗಿ ಓಡುವ ಅಭ್ಯಾಸ ಇನ್ನೂ ಕೆಟ್ಟದು. ನೀರು ಕಡಿಮೆಯಾದ ದೇಹದಲ್ಲಿ ನೋವು ನಿವಾರಕಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನೋವು ದೇಹ ಕಳುಹಿಸಿದ ಓಲೆ. ಓದದೆ ಹರಿದು ಹಾಕಬಾರದು.

ಶರಣರಿಗೆ ಮಿತಿಯ ಮಾತು ಹೊಸದಲ್ಲ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಹಿಂದಿರುಗಿಸಲು ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ದೇಹದ ಶಕ್ತಿಯ ವಿಷಯದಲ್ಲಿಯೂ ಆ ತಾಯಿಯ ವಿವೇಕವೇ ನಮಗೆ ಬೇಕಾದುದು. ಇಂದಿನ ಓಟಕ್ಕೆ ಎಷ್ಟು ಬೇಕೋ ಅಷ್ಟು. ಉಳಿದದ್ದು ನಾಳಿನ ಕಾಯಕಕ್ಕೆ.

ಶೀತಕ್ಕೆ ಸೂರ್ಯ: ಹೊತ್ತು ಮತ್ತು ಸ್ಥಳ

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ಆಯುರ್ವೇದವೇ ಹೇಳಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಏಳಬೇಕೆಂದು ಹೇಳಿದೆ, ಓಡಬೇಕೆಂದಲ್ಲ. ದಿನಚರ್ಯೆಯಲ್ಲಿ ಎದ್ದ ಬಳಿಕ ಶೌಚ, ದಂತಧಾವನ, ಅಭ್ಯಂಗ ಇತ್ಯಾದಿಗಳಾದ ಮೇಲೆ ವ್ಯಾಯಾಮದ ಸರದಿ. ಶೀತಕಾಲದಲ್ಲಿ ಬಿಸಿಲನ್ನೂ ಬೆಚ್ಚನೆಯ ಮನೆಯನ್ನೂ ಸೇವಿಸಬೇಕೆಂದೂ ಶಾಸ್ತ್ರ ಹೇಳುತ್ತದೆ. ಜನವರಿಯ ನಡುವಿನಲ್ಲಿ ನಮ್ಮಲ್ಲಿ ಸೂರ್ಯೋದಯವಾಗುವುದು ಆರೂಮುಕ್ಕಾಲರ ಸುಮಾರಿಗೆ. ಏಳರಿಂದ ಎಂಟೂವರೆಯ ಒಳಗಿನ ಹೊತ್ತು ಓಟಕ್ಕೆ ಅತ್ಯಂತ ಪ್ರಶಸ್ತ. ಅದಕ್ಕೆ ಮುಂಚಿನ ಎರಡು ಗಂಟೆಗಳನ್ನು ಅಭ್ಯರ್ಥಿಗಳು ಲಿಖಿತ ಪರೀಕ್ಷೆಯ ಓದಿಗೆ ಬಳಸಿಕೊಳ್ಳಲಿ. ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾದವರಿಗೆ ಸಂಜೆ ಐದರ ಹೊತ್ತೂ ಒಳ್ಳೆಯದೇ; ದಿನದ ಬಿಸಿಲಿಗೆ ಸಂಧಿಗಳು ಆಗ ಸಡಿಲಗೊಂಡಿರುತ್ತವೆ.

ಕತ್ತಲಿನ ಓಟಕ್ಕೆ ನನ್ನ ವಿರೋಧ ಚಳಿಯ ಕಾರಣಕ್ಕಷ್ಟೇ ಅಲ್ಲ. ಚಳಿಗಾಲದ ಮುಂಜಾನೆ ನೆಲಕ್ಕೆ ಹತ್ತಿರದ ತಣ್ಣನೆಯ ಗಾಳಿ ಮೇಲೇರದೆ ನಿಲ್ಲುವುದರಿಂದ ಒಲೆಯ ಹೊಗೆ, ಕಸ ಸುಟ್ಟ ಹೊಗೆ, ವಾಹನಗಳ ಧೂಳು ಎಲ್ಲವೂ ಉಸಿರಿನ ಮಟ್ಟದಲ್ಲಿಯೇ ಉಳಿಯುತ್ತವೆ. ಶುದ್ಧ ಗಾಳಿಯೆಂದು ನಾವು ಭಾವಿಸುವ ಹೊತ್ತು ಊರೊಳಗೆ ಹಲವು ವೇಳೆ ಅಶುದ್ಧವಾಗಿರುತ್ತದೆ. ಇನ್ನು ಹಿರಿಯೂರಿನಿಂದ ಚಳ್ಳಕೆರೆಯ ಮಾರ್ಗವಾಗಿ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿಯಿಡೀ ಓಡಿಸಿ ತೂಕಡಿಸುವ ಲಾರಿ ಚಾಲಕನಿಗೆ, ಮಂಜು ಕವಿದ ಹೊತ್ತಿನಲ್ಲಿ, ಕಪ್ಪು ಅಂಗಿ ತೊಟ್ಟು ಓಡುವ ಹುಡುಗ ಕಾಣುವುದಾದರೂ ಹೇಗೆ? ಹೆದ್ದಾರಿಯ ಅಂಚು ಓಟದ ಮೈದಾನವಲ್ಲ. ಅನಿವಾರ್ಯವಾದರೆ ವಾಹನಗಳಿಗೆ ಎದುರಾಗಿ, ಬಿಳಿಯ ಅಥವಾ ಹೊಳೆಯುವ ಬಟ್ಟೆ ತೊಟ್ಟು, ಕಿವಿಗೆ ಹಾಡು ಹಚ್ಚಿಕೊಳ್ಳದೆ ಓಡಬೇಕು.

ಇಲ್ಲಿ ಶ್ರೀಮಠದ ಭಕ್ತಸಮೂಹದ ಮುಂದೆ ಒಂದು ಬಿನ್ನಹವಿದೆ. ಮಕ್ಕಳು ಹೆದ್ದಾರಿಗೆ ಹೋಗುವುದು ಅಲ್ಲಿಯ ಸೊಬಗಿಗಾಗಿ ಅಲ್ಲ, ಹಲವು ಕಡೆ ಶಾಲಾ ಕಾಲೇಜುಗಳ ಮೈದಾನಗಳಿಗೆ ಬೀಗ ಬಿದ್ದಿರುತ್ತದೆ ಎಂಬುದಕ್ಕಾಗಿ. ಮಠದ ವಿದ್ಯಾಸಂಸ್ಥೆಗಳ ಆಡಳಿತದಲ್ಲಿರುವವರು, ಊರಿನ ಶಾಲಾ ಸಮಿತಿಗಳಲ್ಲಿರುವವರು ಈ ಮೂರು ತಿಂಗಳಾದರೂ ಬೆಳಗ್ಗೆ ಆರೂವರೆಗೆ ಮೈದಾನದ ಬಾಗಿಲು ತೆರೆಯಿಸಿ, ಒಂದು ಕೊಡ ಕುಡಿಯುವ ನೀರು ಇಡಿಸಿದರೆ ಅದೂ ದಾಸೋಹವೇ. ನಿವೃತ್ತ ಸೈನಿಕರು, ದೈಹಿಕ ಶಿಕ್ಷಕರು ವಾರಕ್ಕೊಂದು ದಿನ ಬಂದು ಮೈ ಕಾಯಿಸುವ ಕ್ರಮವನ್ನು ತೋರಿಸಿಕೊಟ್ಟರೆ ಎಷ್ಟೋ ಮಂಡಿಗಳು ಉಳಿಯುತ್ತವೆ.

ರೂಕ್ಷಕ್ಕೆ ಎಣ್ಣೆ, ಲಘುವಿಗೆ ಆಹಾರ

ಎಣ್ಣೆಯ ಊರೆಂದು ಹೆಸರಾದ ಚಳ್ಳಕೆರೆಯವರಿಗೆ ಅಭ್ಯಂಗದ ಮಹಿಮೆಯನ್ನು ವಿವರಿಸುವ ಅಗತ್ಯವಿರಬಾರದು. ಆದರೆ ಎಣ್ಣೆ ಈಗ ಬಾಣಲೆಯಲ್ಲಿ ಉಳಿದಿದೆ, ಮೈಮೇಲೆ ಇಲ್ಲ. ಶೇಂಗಾ ಹೊರದೇಶದಿಂದ ಬಂದ ಬೆಳೆಯಾದ್ದರಿಂದ ನಮ್ಮ ಪ್ರಾಚೀನ ಸಂಹಿತೆಗಳಲ್ಲಿ ಅದರ ಪ್ರಸ್ತಾಪವಿಲ್ಲ. ಅಭ್ಯಂಗಕ್ಕೆ ಶ್ರೇಷ್ಠವಾದುದು ಎಳ್ಳೆಣ್ಣೆ. ಓಟಕ್ಕೆ ಅರ್ಧಗಂಟೆ ಮುಂಚೆ ಎರಡು ಮೂರು ಚಮಚ ಎಣ್ಣೆಯನ್ನು ಬೆಚ್ಚಗೆ ಮಾಡಿ ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದಗಳಿಗೆ ತಿಕ್ಕಬೇಕು. ಪಾದರಕ್ಷೆಯಲ್ಲಿ ಕಾಲು ಜಾರದಂತೆ ಅಂಗಾಲನ್ನು ಒರೆಸಿಕೊಳ್ಳಬೇಕು. ಕಿರುಬೆರಳಿಗೆ ಒಂದಿಷ್ಟು ಎಣ್ಣೆ ಹಚ್ಚಿಕೊಂಡು ಮೂಗಿನ ಹೊಳ್ಳೆಯ ಒಳಬದಿಗೆ ಸವರಿದರೆ ಒಣಗಾಳಿಯ ಉರಿ ಕಡಿಮೆಯಾಗುತ್ತದೆ. ಸವರುವುದು ಮಾತ್ರ, ಎಣ್ಣೆಯನ್ನು ಮೂಗಿಗೆ ಸುರಿದುಕೊಂಡು ಓಡಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ತೊಂದರೆ.

ಅಭ್ಯಂಗ, ವ್ಯಾಯಾಮ, ಸ್ನಾನ ಎಂಬ ಶಾಸ್ತ್ರದ ಈ ಕ್ರಮ ನಮ್ಮ ಆಚರಣೆಗೂ ಸೊಗಸಾಗಿ ಹೊಂದುತ್ತದೆ. ಓಡಿ ಬಂದು, ಅರ್ಧಗಂಟೆ ಬೆವರು ಆರಿಸಿಕೊಂಡು, ಬೆಚ್ಚನೆಯ ನೀರಿನಲ್ಲಿ ಮಿಂದು, ಇಷ್ಟಲಿಂಗ ಪೂಜೆಗೆ ಕುಳಿತರೆ ಮೈ ಹಗುರಾಗಿ, ಉಸಿರು ನಿಧಾನವಾಗಿ, ದೃಷ್ಟಿ ಕರಸ್ಥಲದಲ್ಲಿ ನಿಲ್ಲುವುದು ಸುಲಭ. ಪೂಜೆಯ ನಂತರ ಪ್ರಸಾದ. ಬೆಳಗಿನ ಓಟಕ್ಕೂ ಪೂಜೆಗೂ ಹೊಂದುವುದಿಲ್ಲವೆಂಬ ಸಬೂಬಿಗೆ ಇಲ್ಲಿ ಎಡೆಯಿಲ್ಲ.

ಹೇಮಂತದಲ್ಲಿ ಪ್ರಬಲವಾದ ಅಗ್ನಿಗೆ ತಕ್ಕ ಆಹಾರ ಸಿಗದಿದ್ದರೆ ಅದು ದೇಹದ ರಸಧಾತುವನ್ನೇ ಸುಡುತ್ತದೆ, ಆಗ ವಾತ ಪ್ರಕೋಪಗೊಳ್ಳುತ್ತದೆ ಎಂದು ಚರಕರು ಹೇಳುತ್ತಾರೆ. ಚಳಿಗಾಲದಲ್ಲಿ ಪೂರ್ತಿ ಬರಿಹೊಟ್ಟೆಯ ಓಟ ಸಲ್ಲದು ಎನ್ನಲು ಇದೇ ಆಧಾರ. ಹೊಟ್ಟೆ ತುಂಬಿಕೊಂಡು ಓಡುವುದೂ ಸಲ್ಲದು. ಹೊರಡುವ ಮುನ್ನ ಒಂದು ಲೋಟ ಬೆಚ್ಚನೆಯ ನೀರು, ಒಂದು ತುಂಡು ಬೆಲ್ಲ ಅಥವಾ ಎರಡು ಖರ್ಜೂರ ಸಾಕು. ಪೂಜೆಯಾದ ಮೇಲೆ ರಾಗಿ ಅಂಬಲಿ ಅಥವಾ ಬಿಸಿರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ, ಮೊಸರಿನ ಬದಲು ಮಜ್ಜಿಗೆ. ಸಂಕ್ರಾಂತಿಗೆ ನಾವು ಹಂಚುವ ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾಗಳ ಮಿಶ್ರಣ ಈ ಋತುವಿಗೆ ಹೇಳಿ ಮಾಡಿಸಿದ ಸ್ನಿಗ್ಧಾಹಾರ. ಡಬ್ಬಿಯ ಪುಡಿಗಳಿಗೆ ಸಾವಿರಾರು ರೂಪಾಯಿ ಸುರಿಯುವ ಹುಡುಗರು ತಮ್ಮ ಹೊಲದಲ್ಲಿ ಬೆಳೆದುದನ್ನು ಮೊದಲು ತಿನ್ನಲಿ. ಮಧುಮೇಹಿಗಳಿಗೆ ಬೆಲ್ಲದ ಮಾತು ಅನ್ವಯಿಸದು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಓಟಕ್ಕೆ ಮುಂಚಿನ ಆಹಾರವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ, ಆದರೆ ಒಣಗಾಳಿ ಉಸಿರಿನ ಮೂಲಕ ನೀರನ್ನು ಕಸಿಯುತ್ತಲೇ ಇರುತ್ತದೆ. ಆದ್ದರಿಂದ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ನಮ್ಮ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಾಗಿರುವುದರಿಂದ ಶುದ್ಧೀಕರಿಸಿದ ನೀರನ್ನೇ ಬಳಸುವುದು ಲೇಸು. ಕತ್ತು, ಬೆನ್ನು, ಮಂಡಿಗಳು ವರ್ಷವಿಡೀ ಬಿಗಿದಿರುವವರು ಅದನ್ನು ಬರಿಯ ಚಳಿಯ ವಾತವೆಂದು ಭಾವಿಸಿ ಓಡಿ ಸಡಿಲಿಸಲು ಹೋಗಬಾರದು, ಫ್ಲೋರೈಡಿನ ಬಾಧೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು. ಓಡುವಾಗ ಹೊರೆಯಷ್ಟು ಬಟ್ಟೆ ಬೇಡ. ಹೊರಟಾಗ ತುಸು ಚಳಿಯೆನಿಸಿದರೆ ಅದೇ ಸರಿಯಾದ ಉಡುಪು. ಮೊದಲ ಹತ್ತು ಹದಿನೈದು ನಿಮಿಷ ಬಿರುಸಾಗಿ ನಡೆದು ಮೈ ಕಾಯಿಸಿಕೊಂಡರೆ ಆ ಚಳಿ ತಾನೇ ಹೋಗುತ್ತದೆ. ನಿಜವಾದ ಅಪಾಯ ನಿಂತ ಮೇಲೆ. ಬೆವರಿನಿಂದ ತೊಯ್ದ ಅಂಗಿಗೆ ಗಾಳಿ ತಾಗಿದೊಡನೆ ಮೈ ವೇಗವಾಗಿ ತಣ್ಣಗಾಗುತ್ತದೆ. ಆಗ ಒದ್ದೆ ಅಂಗಿ ತೆಗೆದು ಒಣಬಟ್ಟೆ ತೊಟ್ಟು, ಚಳ್ಳಕೆರೆಯ ಉಣ್ಣೆ ಕಂಬಳಿಯೊಂದನ್ನು ಹೊದೆದರೆ ಅದಕ್ಕಿಂತ ದೊಡ್ಡ ರಕ್ಷೆಯಿಲ್ಲ. ಹತ್ತಿಬಟ್ಟೆ ಒದ್ದೆಯಾದರೆ ಶಾಖ ಕಳೆಯುತ್ತದೆ. ಉಣ್ಣೆ ತುಸು ತೇವವಾದರೂ ಬೆಚ್ಚಗಿಡುತ್ತದೆ.

ಹೆಣ್ಣುಮಕ್ಕಳ ಓಟ

ಹೆಣ್ಣುಮಕ್ಕಳೂ ಪೊಲೀಸ್ ನೇಮಕಾತಿಗೆ ಓಡುತ್ತಿದ್ದಾರೆ. ಅವರಿಗೆ 400 ಮೀಟರನ್ನು 2 ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆ. ಅವರನ್ನು ತಡೆಯುವಾಗ ಚಳಿ ಒಂದು ನೆಪ ಮಾತ್ರವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಹೆಣ್ಣಿಗೂ ಗಂಡಿಗೂ ಕಾಯಕದಲ್ಲಿ ಭೇದವೆಣಿಸದ ಪರಂಪರೆ ನಮ್ಮದು. ಕತ್ತಲ ಹೆದ್ದಾರಿಗೆ ಕಳುಹಿಸಲು ತಂದೆತಾಯಿ ಅಂಜುವುದು ಸಹಜ. ಏಳು ಗಂಟೆಯ ಬಿಸಿಲಿನಲ್ಲಿ ತೆರೆದ ಶಾಲಾ ಮೈದಾನಕ್ಕೆ ಕಳುಹಿಸಲು ಅಂಜಬೇಕಾಗಿಲ್ಲ.

ಅವರ ವಿಷಯದಲ್ಲಿ ನಿಜವಾಗಿ ಗಮನಿಸಬೇಕಾದುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಓಡಿದೊಡನೆ ಏದುಸಿರು, ತಲೆಸುತ್ತು, ಎದೆಬಡಿತ ಬರುವ ಹುಡುಗಿಯನ್ನು ಚಳಿಗೆ ಆಗದವಳೆಂದು ಮನೆಯಲ್ಲಿ ಕೂರಿಸುವುದಕ್ಕಿಂತ ಅವಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ವಿವೇಕ. ಅದು 12 ಗ್ರಾಮಿಗಿಂತ ಕಡಿಮೆಯಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ವೇಗ.

ಯಾರು ಓಡಬಾರದು?

ನಡುವಯಸ್ಸಿನವರಿಗೆ ವಿಶೇಷವಾದ ಎಚ್ಚರಿಕೆಯ ಮಾತು ಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ಅವರು 46ರ ವಯಸ್ಸಿನಲ್ಲಿ ಅಗಲಿದಾಗ ನಾಡಿನ ಎಷ್ಟೋ ಮಂದಿ ವ್ಯಾಯಾಮವನ್ನೇ ಬಿಟ್ಟರು. ಒಂದು ಸಾವಿನಿಂದ ವ್ಯಾಯಾಮವೇ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ; ಕುಳಿತೇ ಇರುವವನ ಹೃದಯಕ್ಕೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಆದರೆ ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ, ಹೃದಯಾಘಾತಗಳು ಚಳಿಗಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತಿನಲ್ಲಿ ಹೆಚ್ಚು ಎಂಬುದು ವೈದ್ಯವಿಜ್ಞಾನ ಕಂಡುಕೊಂಡ ಸತ್ಯ. ಆದ್ದರಿಂದ ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹವುಳ್ಳವರು, ಧೂಮಪಾನಿಗಳು, ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಕಂಡ ಕುಟುಂಬದವರು ಇಸಿಜಿ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳದೆ ಓಟ ಆರಂಭಿಸಬಾರದು. ಮೊದಲ ಎರಡು ತಿಂಗಳು ನಡಿಗೆಯೇ ಅವರ ಓಟ.

ಜ್ವರ, ಅಜೀರ್ಣ, ಎದೆಯ ಕಫವಿರುವಾಗ ಯಾರೂ ಓಡಬಾರದು. ಎಪ್ಪತ್ತು ದಾಟಿದವರು ಬಿಸಿಲು ಬಂದ ಮೇಲೆ ಕೆರೆಯ ಏರಿಯ ಮೇಲೆಯೋ ಗುಡಿಯ ಅಂಗಳದಲ್ಲಿಯೋ ನಡೆಯುವುದೇ ಸಾಕು. ರಕ್ತದೊತ್ತಡದ ಮಾತ್ರೆಯನ್ನು ಓಟದ ನೆಪದಲ್ಲಿ ಬಿಡಕೂಡದು. ಓಡುವಾಗ ಎದೆಯಲ್ಲಿ ಒತ್ತಿದಂಥ ನೋವು, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಕಣ್ಣುಕತ್ತಲೆ ಬಂದರೆ ಒಡನೆ ನಿಂತು 108ಕ್ಕೆ ಕರೆ ಮಾಡಬೇಕು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಆ ಹೊತ್ತಿನಲ್ಲಿ ಕಷಾಯವಲ್ಲ, ಮೈಗೆ ಎಣ್ಣೆಯಲ್ಲ, ಆಸ್ಪತ್ರೆಯೇ ಚಿಕಿತ್ಸೆ.

ಶರೀರವನ್ನೇ ದೇವಾಲಯವೆಂದು ಕಂಡವರು ನಮ್ಮ ಶರಣರು. ವೈದ್ಯ ಸಂಗಣ್ಣನಂಥ ವೈದ್ಯರೂ ಅವರ ನಡುವೆ ಇದ್ದರು. ದೇವಾಲಯವನ್ನು ಪಾಳುಗೆಡವುವುದು ಎಷ್ಟು ತಪ್ಪೋ ಅದರ ಕಂಬಗಳನ್ನು ಅವಸರದಿಂದ ಅಲುಗಾಡಿಸುವುದೂ ಅಷ್ಟೇ ತಪ್ಪು. ಹಿರಿಯರು ಬಾಗಿಲಲ್ಲಿ ತಡೆಯುವುದನ್ನು ಬಿಟ್ಟು ಎಣ್ಣೆ ಬೆಚ್ಚಗೆ ಮಾಡಿಕೊಡಲಿ. ಕಿರಿಯರು ಸೂರ್ಯ ಏಳುವವರೆಗೆ ತಾಳಲಿ. ಶಿವರಾತ್ರಿಯವರೆಗೆ ಇನ್ನೂ ಎಂಟು ಹತ್ತು ವಾರಗಳಿವೆ. ಈ ಅವಧಿಯಲ್ಲಿ ಅರ್ಧಬಲದಿಂದ ತಪ್ಪದೆ ಓಡಿದವನ ದೇಹ, ಪರೀಕ್ಷೆಯ ದಿನ ಪೂರ್ಣಬಲವನ್ನು ಕೇಳಿದಾಗ, ಇಲ್ಲವೆನ್ನಲಾರದು.